ಒಂದೇ ರೈಫಲ್, ಎರಡು ತಡೆ: ಕೋಲಾರದ ಫೈರಿಂಗ್ ರೇಂಜ್‌ನ ಒಂದು ಪ್ರಕರಣ

ಕೋಲಾರ ಜಿಲ್ಲೆಯ ಒಂದು ಸಶಸ್ತ್ರ ಪೊಲೀಸ್ ಘಟಕದಲ್ಲಿ, ಕೆಲವು ವಾರಗಳ ಅಂತರದಲ್ಲಿ, ಒಂದೇ ರೈಫಲ್ ಎರಡು ಸಲ ಕೈಕೊಟ್ಟಿತು. ಎರಡು ಸಲವೂ ಹೊರಗಿನಿಂದ ಕಂಡದ್ದು ಒಂದೇ ಸಂಗತಿ: ಗುಂಡು ಹಾರಿದ ಮೇಲೆ ಖಾಲಿ ಕೇಸ್ (ಗುಂಡಿನ ಹಿತ್ತಾಳೆಯ ಚಿಪ್ಪು) ಹೊರಗೆ ಬೀಳಲಿಲ್ಲ, ಮುಂದಿನ ಗುಂಡು ಚೇಂಬರಿಗೆ, ಅಂದರೆ ಬ್ಯಾರಲ್ಲಿನ ಬುಡದ ಗೂಡಿಗೆ, ಏರಲಿಲ್ಲ. ಎರಡು ಸಲವೂ ರೇಂಜ್‌ನಲ್ಲಿ ನಿಂತವರು ಕೊಟ್ಟ ತೀರ್ಪೂ ಒಂದೇ, ‘ಗ್ಯಾಸ್ ಸಾಲ್ತಾ ಇಲ್ಲ’ ಎಂದು, ಅಂದರೆ ಮದ್ದು ಉರಿದು ಬರುವ, ರೈಫಲ್ಲಿನ ಯಂತ್ರವನ್ನು ನಡೆಸುವ ಅನಿಲ ಸಾಲದು ಎಂದು. ಮೊದಲ ಸಲ ಆ ತೀರ್ಪು ಅರ್ಧದಷ್ಟು ಸರಿಯಾಗಿತ್ತು. ಎರಡನೆಯ ಸಲ ಪೂರ್ತಿ ತಲೆಕೆಳಗಾಗಿತ್ತು. ಈ ವ್ಯತ್ಯಾಸ ಹೇಗೆ ಗೊತ್ತಾಯಿತು ಎಂಬುದಷ್ಟೇ ಈ ಬರಹದ ವಿಷಯ. ಆರ್ಮರಿಯಲ್ಲಿ (ಆಯುಧಾಗಾರದಲ್ಲಿ) ಪರೀಕ್ಷೆ ನಡೆದಾಗ ನಾನು ಜೊತೆಗಿದ್ದೆ. ಘಟಕದ ಹೆಸರಾಗಲಿ ಸಿಬ್ಬಂದಿಯ ಹೆಸರಾಗಲಿ ಇಲ್ಲಿ ಅಗತ್ಯವಿಲ್ಲ.

ರೈಫಲ್ ಯಾವುದೆಂದು ಮೊದಲು ಹೇಳಬೇಕು, ಏಕೆಂದರೆ ನಮ್ಮಲ್ಲಿ ಮ್ಯಾಗಝೀನ್ ಇರುವ ಉದ್ದನೆಯ ಬಂದೂಕನ್ನೆಲ್ಲ ಎಕೆ-47 ಎಂದು ಕರೆದುಬಿಡುವ ರೂಢಿಯಿದೆ. ಇದು ಅದಲ್ಲ. ಇದು ಪೊಲೀಸರೂ ಹಳೆಯ ಸೈನಿಕರೂ ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಎನ್ನುವ 7.62 ಮಿ.ಮೀ. 1ಎ1. ಬೆಲ್ಜಿಯಂನ ಎಫ್‌ಎನ್ ಕಂಪನಿಯ ಎಫ್‌ಎಎಲ್ ರೈಫಲ್‌ನ ವಂಶಕ್ಕೆ ಸೇರಿದ, ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ ಆಯುಧ. ಮ್ಯಾಗಝೀನ್‌ನಲ್ಲಿ 20 ಗುಂಡು ಹಿಡಿಯುತ್ತದೆ. ಟ್ರಿಗರ್ ಒಂದು ಸಲ ಎಳೆದರೆ ಒಂದೇ ಗುಂಡು ಹಾರುತ್ತದೆ, ಆದರೆ ಖಾಲಿ ಕೇಸನ್ನು ಹೊರಹಾಕಿ ಮುಂದಿನದನ್ನು ತುಂಬಿಕೊಳ್ಳುವ ಕೆಲಸವನ್ನು ರೈಫಲ್ ತಾನೇ ಮಾಡುತ್ತದೆ. ಅದಕ್ಕೂ ಹಿಂದಿನ .303 ರೈಫಲ್‌ನಲ್ಲಿ ಆ ಕೆಲಸವನ್ನು ಪ್ರತಿ ಸಲ ಬೋಲ್ಟ್ ಎಳೆದು ಕೈಯಿಂದಲೇ ಮಾಡಬೇಕಿತ್ತು. 7.62 ಮಿ.ಮೀ. ನಮ್ಮ ದೇಶದಲ್ಲಿ ನಿಷೇಧಿತ ಬೋರ್ (ನಳಿಕೆಯ ಅಳತೆ) ಆದ್ದರಿಂದ ಸಾರ್ವಜನಿಕರ ಲೈಸೆನ್ಸಿಗೆ ಇದು ಸಿಗುವುದಿಲ್ಲ. ಈ ಪ್ರಕರಣ ಸರ್ಕಾರಿ ಆರ್ಮರಿಯ ಗೋಡೆಯೊಳಗಿನದು.

ಮೊದಲ ಬೆಳಗು

ಚಳಿಗಾಲ. ಗುಡ್ಡದ ಬುಡದಲ್ಲಿರುವ ರೇಂಜ್. ವಾರ್ಷಿಕ ಫೈರಿಂಗ್ ನಡೆಯುತ್ತಿತ್ತು. ಮೂರನೆಯ ಲೇನ್‌ನಲ್ಲಿದ್ದ ರೈಫಲ್ ಮೊದಲ ಕೆಲವು ಗುಂಡುಗಳನ್ನು ಸರಾಗವಾಗಿ ಹಾರಿಸಿತು. ಆಮೇಲೆ ಒಂದು ಖಾಲಿ ಕೇಸ್ ಹೊರಬೀಳುವ ಕಿಂಡಿಯಲ್ಲೇ ಅಡ್ಡವಾಗಿ ಸಿಕ್ಕಿಕೊಂಡಿತು. ಗುಂಡು ಹಾರಿಸುತ್ತಿದ್ದ ಎಪಿಸಿ (ಸಶಸ್ತ್ರ ಪೊಲೀಸ್ ಕಾನ್‌ಸ್ಟೆಬಲ್) ಎಡಗಡೆಯ ಕಾಕಿಂಗ್ ಹ್ಯಾಂಡಲ್ ಎಳೆದು ಅದನ್ನು ಬೀಳಿಸಿದರು. ಇನ್ನೆರಡು ಗುಂಡು ಹಾರಿದ ಮೇಲೆ ಬೇರೆಯೇ ಬಗೆಯ ತಡೆ ಬಂತು: ಕೇಸ್ ಹೊರಗೆ ಬಿದ್ದಿತ್ತು, ಬ್ರೀಚ್ (ಚೇಂಬರಿನ ಹಿಂಬಾಗಿಲು) ಮುಚ್ಚಿಕೊಂಡಿತ್ತು, ಮ್ಯಾಗಝೀನ್‌ನಲ್ಲಿ ಗುಂಡುಗಳಿದ್ದವು, ಆದರೆ ಚೇಂಬರ್ ಬರಿದಾಗಿತ್ತು. ಟ್ರಿಗರ್ ಎಳೆದರೆ ಟಕ್ಕೆಂಬ ಸದ್ದು ಮಾತ್ರ.

ಅಲ್ಲಿ ಕೇಳಿಬಂದ ಕಾರಣಗಳು ಹಲವು. ಮ್ಯಾಗಝೀನ್‌ನ ಸ್ಪ್ರಿಂಗ್ ಸೋತಿದೆ ಎಂದರು ಒಬ್ಬರು. ಚಳಿಗೆ ಮದ್ದು ಸರಿಯಾಗಿ ಉರಿಯುತ್ತಿಲ್ಲ ಎಂದರು ಇನ್ನೊಬ್ಬರು. ಎಲ್ಲಕ್ಕಿಂತ ಹೆಚ್ಚು ಜನ ದೂರಿದ್ದು ಧೂಳನ್ನು. ಕೋಲಾರದ ಕಡೆಯವರಿಗೆ ಇದು ಸುಲಭವಾಗಿ ಹೊಳೆಯುವ ಕಾರಣ. ಕೆಜಿಎಫ್‌ನ ಸೈನೈಡ್ ದಿಬ್ಬಗಳ, ಅಂದರೆ ಚಿನ್ನದ ಗಣಿಯ ತ್ಯಾಜ್ಯದ ರಾಶಿಗಳ, ನುಣುಪಾದ ಪುಡಿ ಗಾಳಿ ಬೀಸಿದಾಗ ಎಲ್ಲೆಲ್ಲಿ ನುಗ್ಗುತ್ತದೆ ಎಂಬುದನ್ನು ಅಲ್ಲಿ ಡ್ಯೂಟಿ ಮಾಡಿದವರು ಬಲ್ಲರು. ಈ ಊಹೆಗಳಲ್ಲಿ ಯಾವುದೂ ಅಸಂಬದ್ಧವಲ್ಲ. ತಂಪಾದಷ್ಟೂ ಮದ್ದು ಸ್ವಲ್ಪ ನಿಧಾನವಾಗಿ ಉರಿಯುವುದು ನಿಜ, ಆದರೆ ಕೋಲಾರದ ಬೆಳಗಿನ ಚಳಿ ಸರಿಯಾಗಿರುವ ರೈಫಲ್ ಒಂದನ್ನು ನಿಲ್ಲಿಸುವಷ್ಟು ದೊಡ್ಡದಲ್ಲ, ಮತ್ತು ಅದೇ ಚಳಿಯಲ್ಲಿ ಅದೇ ಪೆಟ್ಟಿಗೆಯ ಗುಂಡುಗಳನ್ನು ಪಕ್ಕದ ಲೇನ್‌ಗಳ ರೈಫಲ್‌ಗಳು ತಕರಾರಿಲ್ಲದೆ ಹಾರಿಸುತ್ತಿದ್ದವು. ಮ್ಯಾಗಝೀನ್ ಬದಲಾಯಿಸಿ ನೋಡಿದರು, ತಡೆ ಹೋಗಲಿಲ್ಲ. ರೈಫಲ್ ಹಿಡಿಯುವವರನ್ನು ಬದಲಾಯಿಸಿದರು, ಆಗಲೂ ಹೋಗಲಿಲ್ಲ. ಹೀಗೆ ದೋಷ ರೈಫಲ್‌ನೊಳಗೇ ಇದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಆಗ ಉಸ್ತುವಾರಿಯಲ್ಲಿದ್ದವರು ಮಾಡಿದ್ದು ಅಂಥ ಸಂದರ್ಭದಲ್ಲಿ ಎಲ್ಲರೂ ಮಾಡುವ ಕೆಲಸ. ‘ಗ್ಯಾಸ್ ಜಾಸ್ತಿ ಕೊಟ್ಬುಡಿ ದಫೇದಾರ್ರೇ, ಸರಿಯೋಯ್ತದೆ’ ಎಂದು ಹೆಡ್ ಕಾನ್‌ಸ್ಟೆಬಲ್‌ಗೆ ಹೇಳಿದರು. ಅವರು ಗ್ಯಾಸ್ ರೆಗ್ಯುಲೇಟರ್‌ನ ಉಂಗುರವನ್ನು ಟೂಲ್‌ನಿಂದ ತಿರುಗಿಸುತ್ತ ತಿರುಗಿಸುತ್ತ ಕೊನೆಯವರೆಗೂ ಮುಚ್ಚಿದರು. ರೈಫಲ್ ಸರಿಹೋಯಿತು. ಉಳಿದ ಗುಂಡುಗಳೆಲ್ಲ ಹಾರಿದವು, ಅಭ್ಯಾಸ ಮುಗಿಯಿತು, ರೈಫಲ್ ಆರ್ಮರಿಗೆ ವಾಪಸಾಯಿತು. ಉಂಗುರ ಎಲ್ಲಿತ್ತು, ಎಲ್ಲಿಗೆ ಬಂತು ಎಂಬುದನ್ನು ಯಾರೂ ಬರೆದಿಡಲಿಲ್ಲ.

ಆ ಉಂಗುರ ಏನು ಮಾಡುತ್ತದೆ

ಗುಂಡು ಹಾರಿದಾಗ ಚೇಂಬರಿನೊಳಗಿನ ಒತ್ತಡ 300 ಮೆಗಾಪಾಸ್ಕಲ್ ದಾಟುತ್ತದೆ. ಸುಮಾರು 533 ಮಿ.ಮೀ. ಉದ್ದದ ಬ್ಯಾರಲ್ಲನ್ನು ಬುಲೆಟ್ ದಾಟಲು ತೆಗೆದುಕೊಳ್ಳುವ ಕಾಲ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ. ಬ್ಯಾರಲ್‌ನ ಮೇಲ್ಭಾಗದಲ್ಲಿ, ಮೂತಿಗಿಂತ ಸಾಕಷ್ಟು ಹಿಂದೆ, ಒಂದು ಸಣ್ಣ ತೂತಿದೆ. ಬುಲೆಟ್ ಆ ತೂತನ್ನು ದಾಟಿದ ಕ್ಷಣದಿಂದ ಮೂತಿಯನ್ನು ಬಿಟ್ಟು ಹೋಗುವವರೆಗಿನ ಅತ್ಯಲ್ಪ ಅವಧಿಯಲ್ಲಿ, ಹಿಂದಿನಿಂದ ನೂಕುತ್ತಿರುವ ಬಿಸಿ ಅನಿಲದ ಒಂದು ಚಿಕ್ಕ ಪಾಲು ಆ ತೂತಿನ ಮೂಲಕ ಮೇಲಿನ ಗ್ಯಾಸ್ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನಿನ ತಲೆಗೆ ಬಡಿಯುತ್ತದೆ. ಬುಲೆಟ್ ಮೂತಿಯಿಂದ ಹೊರಬಿತ್ತೆಂದರೆ ಬ್ಯಾರಲ್‌ನ ಒತ್ತಡ ಕುಸಿಯುತ್ತದೆ, ನೂಕುವ ಶಕ್ತಿಯೂ ನಿಲ್ಲುತ್ತದೆ. ಅಷ್ಟರಲ್ಲಿ ಸಿಕ್ಕಿದ್ದೆಷ್ಟೋ ಅಷ್ಟರಿಂದಲೇ ಇಡೀ ಚಕ್ರ ನಡೆಯಬೇಕು.

ಎಸ್‌ಎಲ್‌ಆರ್‌ನ ಪಿಸ್ಟನ್ ಉದ್ದಕ್ಕೂ ಜೊತೆಗೆ ಹೋಗುವುದಿಲ್ಲ. ಸ್ವಲ್ಪ ದೂರ ಹಿಂದಕ್ಕೆ ಚಿಮ್ಮಿ, ಚೇಂಬರಿನ ಹಿಂಬದಿ ಮುಚ್ಚುವ ಬ್ರೀಚ್ ಬ್ಲಾಕನ್ನು ಹೊತ್ತೊಯ್ಯುವ ಕ್ಯಾರಿಯರ್‌ಗೆ ಒಂದು ಏಟು ಕೊಟ್ಟು, ತನ್ನದೇ ಸ್ಪ್ರಿಂಗ್‌ನ ಬಲದಿಂದ ಮುಂದಕ್ಕೆ ಮರಳುತ್ತದೆ. ಏಟು ತಿಂದ ಕ್ಯಾರಿಯರ್ ಮೊದಲು ಕೊಂಚ ದೂರ ಒಂಟಿಯಾಗಿ ಹಿಂದೆ ಸರಿಯುತ್ತದೆ. ಆಮೇಲಷ್ಟೇ ಬ್ರೀಚ್ ಬ್ಲಾಕ್‌ನ ಹಿಂಬದಿಯನ್ನು ಮೇಲೆತ್ತಿ ಬೀಗ ಬಿಡಿಸುತ್ತದೆ. ಆ ಒಂಟಿ ಓಟವನ್ನು ವಿನ್ಯಾಸಕಾರರು ಬೇಕೆಂದೇ ಇಟ್ಟಿದ್ದಾರೆ, ಏಕೆಂದರೆ ಆ ವಿಳಂಬದಲ್ಲಿ ಚೇಂಬರಿನ ಒತ್ತಡ ಇಳಿಯುತ್ತದೆ, ಉಬ್ಬಿ ಗೋಡೆಗೆ ಅಂಟಿದ್ದ ಹಿತ್ತಾಳೆಯ ಕೇಸ್ ಸಡಿಲವಾಗುತ್ತದೆ, ಎಕ್ಸ್‌ಟ್ರಾಕ್ಟರ್‌ನ ಕೊಕ್ಕೆ ಅದರ ಅಂಚನ್ನು ಹಿಡಿದು ಹಗುರಾಗಿ ಹೊರಗೆಳೆಯುತ್ತದೆ. ಕ್ಯಾರಿಯರ್ ಪೂರ್ತಿ ಹಿಂದೆ ಹೋದಾಗ ಕೇಸ್ ಎಜೆಕ್ಟರಿಗೆ ತಾಗಿ ಬಲಗಡೆಗೆ ಸಿಡಿಯುತ್ತದೆ. ಹಿಂಬದಿಯ ರಿಟರ್ನ್ ಸ್ಪ್ರಿಂಗ್ ಮುಂದಕ್ಕೆ ನೂಕುವಾಗ ಬ್ರೀಚ್ ಬ್ಲಾಕ್ ಮ್ಯಾಗಝೀನ್‌ನ ಮೇಲಿನ ಗುಂಡನ್ನು ತಳ್ಳಿಕೊಂಡು ಚೇಂಬರಿಗೆ ಸೇರಿಸುತ್ತದೆ. ಇಷ್ಟೂ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ.

ರೆಗ್ಯುಲೇಟರ್ ಅನಿಲವನ್ನು ಒಳಗೆ ಬಿಡುವ ನಲ್ಲಿಯೆಂದು ಅನೇಕರು ತಿಳಿದಿದ್ದಾರೆ. ಈ ವಂಶದ ರೈಫಲ್‌ಗಳಲ್ಲಿ ಅದು ಹಾಗಲ್ಲ. ಸಿಲಿಂಡರಿನೊಳಗೆ ಬಂದ ಅನಿಲದಲ್ಲಿ ಬೇಡದ ಪಾಲನ್ನು ಹೊರಗೆ ಬಿಡುವ ಇನ್ನೊಂದು ಕಿಂಡಿಯಿದೆ. ಉಂಗುರವನ್ನು ತಿರುಗಿಸಿದಂತೆ ಆ ಕಿಂಡಿ ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಕಿಂಡಿ ತೆರೆದಿದ್ದರೆ ಹೆಚ್ಚು ಅನಿಲ ಹೊರಗೆ ಪೋಲಾಗಿ ಪಿಸ್ಟನ್ನಿಗೆ ಕಡಿಮೆ ಸಿಗುತ್ತದೆ. ಮುಚ್ಚಿದರೆ ಎಲ್ಲವೂ ಪಿಸ್ಟನ್ನಿನ ಮೇಲೆಯೇ ಬೀಳುತ್ತದೆ. ಚೊಕ್ಕಟವಾಗಿರುವ ರೈಫಲ್ ಕಿಂಡಿ ಸಾಕಷ್ಟು ತೆರೆದಿದ್ದಾಗಲೂ ನಡೆಯುತ್ತದೆ. ಮಸಿ, ಮಣ್ಣು, ಮಳೆ ಸೇರಿ ಚಲನೆ ಭಾರವಾದಾಗ ಬಳಸಿಕೊಳ್ಳಲೆಂದು ಉಳಿದ ತಿರುವುಗಳನ್ನು ಮೀಸಲಾಗಿ ಇಟ್ಟಿರುತ್ತಾರೆ. ಮರಳುಗಾಡಿನ ಅನುಭವವಾದ ಮೇಲೆ ಬ್ರಿಟಿಷರು ಕ್ಯಾರಿಯರ್‌ನ ಮೈಮೇಲೆಯೇ ಮರಳು ಸರಿದುಹೋಗುವ ಗೀರುಗಳನ್ನು ಕೊರೆಸಿದರು. ಧೂಳಿಗೆ ಅನಿಲ ಹೆಚ್ಚಿಸುವುದೊಂದೇ ಉತ್ತರವೆಂದು ಆ ವಿನ್ಯಾಸದ ಒಡೆಯರೂ ನಂಬಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯ ಬೆಳಗು

ಮುಂದಿನ ಅಭ್ಯಾಸದಲ್ಲಿ ಅದೇ ರೈಫಲ್ ಬೇರೊಬ್ಬ ಎಪಿಸಿಯ ಕೈಗೆ ಬಂತು. ಮೊದಲ ಗುಂಡಿನಿಂದಲೇ ಅವರು ದೂರಿದರು: ‘ಸಾರ್, ಇದು ಬೋ ಒದೀತೈತೆ.’ ಹೊಸಬರು ಎಸ್‌ಎಲ್‌ಆರ್‌ನ ಒದೆತವನ್ನು ದೂರುವುದು ಸಾಮಾನ್ಯವಾದ್ದರಿಂದ ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಖಾಲಿ ಕೇಸ್‌ಗಳು ಪಕ್ಕದ ಲೇನ್ ದಾಟಿ ಬೀಳುತ್ತಿದ್ದುದನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಹಂತದಲ್ಲಿ ರೈಫಲ್ ನಿಂತಿತು. ಹ್ಯಾಂಡಲ್ ಎಳೆದು ನೋಡಿದರೆ ಖಾಲಿ ಕೇಸ್ ಚೇಂಬರಿನೊಳಗೇ ಕೂತಿದೆ, ಅದರ ಹಿಂದೆ ಹೊಸ ಗುಂಡೊಂದು ಮೂತಿ ಒತ್ತಿಕೊಂಡು ನಿಂತಿದೆ.

ಮತ್ತೆ ಅದೇ ಸಲಹೆ ಬಂತು. ಆದರೆ ಈ ಸಲ ಉಂಗುರ ಮುಚ್ಚಲು ಜಾಗವೇ ಉಳಿದಿರಲಿಲ್ಲ. ಆ ಕಾರಣಕ್ಕಾಗಿ ರೈಫಲ್ ಆರ್ಮರಿಗೆ ಬಂತು. ಒಂದೆರಡು ತಿರುವು ಉಳಿದಿದ್ದರೆ ಬರುತ್ತಲೇ ಇರಲಿಲ್ಲ ಎಂದು ನನ್ನ ಅನಿಸಿಕೆ.

ಆರ್ಮರರ್ (ಆಯುಧಗಳ ರಿಪೇರಿ ನೋಡುವವರು) ರೈಫಲ್ ಬಿಚ್ಚುವ ಮುಂಚೆ ಖಾಲಿ ಕೇಸ್‌ಗಳ ಚೀಲ ತರಿಸಿದರು. ಫೈರಿಂಗ್ ಮುಗಿದ ಮೇಲೆ ಕೇಸ್‌ಗಳನ್ನು ಎಣಿಸಿ ವಾಪಸು ಕೊಡಬೇಕಾದ ನಿಯಮವಿರುವುದರಿಂದ ಅವು ಇನ್ನೂ ಚೀಲದಲ್ಲೇ ಇದ್ದವು. ಲೇನ್‌ವಾರು ಬೇರೆ ಮಾಡಿರಲಿಲ್ಲ. ಅವರು ಅವನ್ನು ಮೇಜಿನ ಮೇಲೆ ಸುರಿದು, ಒಂದೊಂದನ್ನೂ ಬೆಳಕಿಗೆ ಹಿಡಿದು ಬುಡದ ಅಂಚನ್ನು ಉಗುರಿನಿಂದ ಸವರುತ್ತ ಎರಡು ಗುಂಪು ಮಾಡಿದರು. ದೊಡ್ಡ ಗುಂಪಿನ ಕೇಸ್‌ಗಳ ಅಂಚು ನೆಟ್ಟಗಿತ್ತು, ಕೊಕ್ಕೆ ಹಿಡಿದ ಕಡೆ ಸಣ್ಣ ಹೊಳಪು ಮಾತ್ರ. ಚಿಕ್ಕ ಗುಂಪಿನವುಗಳಲ್ಲಿ ಅಂಚು ಒಂದು ಕಡೆ ಹಿಂದಕ್ಕೆ ಬಾಗಿತ್ತು, ಮೈಮೇಲೆ ಕಿಂಡಿಯ ಚೌಕಟ್ಟಿಗೆ ಬಡಿದ ತಗ್ಗು ಎದ್ದು ಕಾಣುತ್ತಿತ್ತು. ಮುಂದಿನಿಂದ ಕ್ಲೀನಿಂಗ್ ರಾಡ್ ಹಾಕಿ ತಟ್ಟಿ ಚೇಂಬರಿನಿಂದ ತೆಗೆದ ಆ ಒಂದು ಕೇಸ್‌ನಲ್ಲಂತೂ ಅಂಚಿನ ತುಂಡೇ ಹರಿದುಹೋಗಿತ್ತು. ಆ ಗಾಯಗಳು ಅನಿಲ ಸಾಲದ ರೈಫಲ್ ಮಾಡುವಂಥವಲ್ಲ.

ಇಲ್ಲಿ ಪ್ರಕರಣದ ತಿರುಳಿದೆ. ಅನಿಲ ಕಡಿಮೆಯಾದರೆ ಕ್ಯಾರಿಯರ್ ಅರ್ಧ ದಾರಿಯಲ್ಲಿ ಸೋಲುತ್ತದೆ. ಕೇಸ್ ಚೇಂಬರಿನಿಂದ ಹೊರಬಂದಿರುತ್ತದೆ, ಆದರೆ ಎಜೆಕ್ಟರಿಗೆ ಜೋರಾಗಿ ತಾಗುವುದಿಲ್ಲ. ಕಿಂಡಿಯಲ್ಲಿ ಸಿಕ್ಕುತ್ತದೆ, ಅಥವಾ ಬಿದ್ದರೂ ಕಾಲಬುಡದಲ್ಲೇ ಬೀಳುತ್ತದೆ. ಕ್ಯಾರಿಯರ್ ಮ್ಯಾಗಝೀನ್‌ನ ಗುಂಡಿನ ಹಿಂದಕ್ಕೆ ತಲುಪದಿದ್ದರೆ ಬ್ರೀಚ್ ಬರಿಯ ಚೇಂಬರಿನ ಮೇಲೆ ಮುಚ್ಚಿಕೊಳ್ಳುತ್ತದೆ. ಮೊದಲ ಬೆಳಗಿನಲ್ಲಿ ಕಂಡ ಎರಡು ತಡೆಗಳೂ ಇವೇ. ಅನಿಲ ಹೆಚ್ಚಾದಾಗ ಆಗುವುದು ಇದರ ತಿರುವುಮುರುವು. ಪಿಸ್ಟನ್ನಿನ ಏಟು ಬಲವಾದಷ್ಟೂ ಕ್ಯಾರಿಯರ್‌ನ ಆ ಒಂಟಿ ಓಟ ಬೇಗ ಮುಗಿಯುತ್ತದೆ, ಒತ್ತಡ ಇನ್ನೂ ಪೂರ್ತಿ ಇಳಿಯದಿರುವಾಗಲೇ ಬೀಗ ಬಿಚ್ಚಿಕೊಳ್ಳುತ್ತದೆ. ಒಳಗಿನ ಆವಿ ಇಳಿಯುವ ಮೊದಲೇ ಕುಕ್ಕರಿನ ಮುಚ್ಚಳ ಜಗ್ಗಿದಂತೆ. ಕೇಸ್ ಇನ್ನೂ ಚೇಂಬರಿನ ಗೋಡೆಯನ್ನು ಬಿಗಿಯಾಗಿ ಹಿಡಿದಿರುತ್ತದೆ, ಕೊಕ್ಕೆ ಮಾತ್ರ ರಭಸದಿಂದ ಹಿಂದಕ್ಕೆ ಎಳೆಯುತ್ತದೆ. ಮೆತ್ತನೆಯ ಹಿತ್ತಾಳೆ ಸೋಲುತ್ತದೆ: ಅಂಚು ಬಾಗುತ್ತದೆ ಅಥವಾ ಹರಿಯುತ್ತದೆ, ಕೊಕ್ಕೆ ಜಾರುತ್ತದೆ, ಕೇಸ್ ಒಳಗೇ ಉಳಿಯುತ್ತದೆ. ಕ್ಯಾರಿಯರ್‌ಗೆ ಶಕ್ತಿಗೇನೂ ಕೊರತೆಯಿಲ್ಲದ್ದರಿಂದ ಅದು ಪೂರ್ತಿ ಹಿಂದೆ ಹೋಗಿ ಬಂದು ಹೊಸ ಗುಂಡನ್ನು ಹಳೆಯ ಕೇಸ್‌ನ ಬೆನ್ನಿಗೆ ಒತ್ತುತ್ತದೆ. ಹೊಸ ಗುಂಡು ಮ್ಯಾಗಝೀನ್‌ನಿಂದ ಎದ್ದು ಬಂದಿತ್ತೆಂಬ ಆ ಒಂದೇ ಸಂಗತಿ ಕ್ಯಾರಿಯರ್ ಕೊನೆಯವರೆಗೂ ಹೋಗಿತ್ತೆಂಬುದನ್ನು ರೇಂಜ್‌ನಲ್ಲಿಯೇ ಹೇಳುತ್ತಿತ್ತು. ಕೊಳೆಯಾದ ಅಥವಾ ತುಕ್ಕು ಹಿಡಿದ ಚೇಂಬರಿನಿಂದಲೂ, ಸೋತ ಎಕ್ಸ್‌ಟ್ರಾಕ್ಟರ್ ಸ್ಪ್ರಿಂಗ್‌ನಿಂದಲೂ ಕೇಸ್ ಒಳಗೇ ಉಳಿಯಬಹುದು. ಆರ್ಮರರ್ ಅವೆರಡನ್ನೂ ನೋಡಿದರು. ಚೇಂಬರ್ ಚೊಕ್ಕಟವಾಗಿತ್ತು. ಸ್ಪ್ರಿಂಗ್ ಗಟ್ಟಿಯಿತ್ತು, ಕೊಕ್ಕೆಯ ತುದಿ ಮಾತ್ರ ಸ್ವಲ್ಪ ಮುಕ್ಕಾಗಿತ್ತು. ಅದನ್ನು ಅವರು ಕಾರಣವೆಂದು ಎಣಿಸದೆ ಪರಿಣಾಮವೆಂದು ಎಣಿಸಿದರು. ನನಗೂ ಅದೇ ಸರಿ ಎನಿಸಿತು.

ನಡುವೆ ಏನಾಗಿತ್ತು

ಉಳಿದ ಪ್ರಶ್ನೆ: ಮೊದಲ ಸಲ ಇದೇ ಉಂಗುರದ ಇದೇ ಸ್ಥಾನದಲ್ಲಿ ಸರಿಯಾಗಿ ನಡೆದ ರೈಫಲ್‌ಗೆ, ಕೆಲವು ವಾರಗಳಲ್ಲಿ ಅದೇ ಅನಿಲ ಹೆಚ್ಚಾದದ್ದು ಹೇಗೆ?

ಮುಂದಿನ ಗ್ಯಾಸ್ ಪ್ಲಗ್ ತೆಗೆದು ಪಿಸ್ಟನ್ನನ್ನು ಹೊರಗೆಳೆದಾಗ ಅದು ಒಣಗಿ ಹೊಳೆಯುತ್ತಿತ್ತು. ಆರ್ಮರರ್ ಸ್ಪ್ರಿಂಗ್ ಕಳಚಿ, ಬರಿಯ ಪಿಸ್ಟನ್ನನ್ನು ಸಿಲಿಂಡರಿಗೆ ಇಳಿಸಿ ರೈಫಲ್ಲನ್ನು ಮೇಲಕ್ಕೂ ಕೆಳಕ್ಕೂ ಓರೆ ಮಾಡಿದರು. ತನ್ನ ತೂಕದಿಂದಲೇ ಅದು ಸರ್ರೆಂದು ಜಾರಬೇಕು, ಜಾರಿತು. ಹಾಗಾದರೆ ಪಿಸ್ಟನ್ನಿನಲ್ಲಿ ದೋಷವಿಲ್ಲವೆಂದು ಬಿಡಬಹುದಿತ್ತು. ಅವರು ಟಾರ್ಚ್ ಹಾಕಿ ಸಿಲಿಂಡರಿನ ಒಳಮುಖ ನೋಡಿದರು. ಪಿಸ್ಟನ್ನಿನ ತಲೆ ಹೋಗಿ ಬರುವ ಜಾಗಕ್ಕಿಂತ ಮುಂದೆ, ಚಿಂದಿ ತಲುಪದ ಮೂಲೆಯಲ್ಲಿ, ಕಂದುಗಪ್ಪು ಬಣ್ಣದ ಗಟ್ಟಿ ಪದರವಿತ್ತು. ಅದು ಬರಿಯ ಮಸಿಯಲ್ಲ. ಬರಿಯ ಮಸಿ ಪುಡಿಪುಡಿಯಾಗಿ ಉದುರುತ್ತದೆ. ಎಣ್ಣೆ ಬಿದ್ದು ಸುಟ್ಟ ಮಸಿ ವಾರ್ನಿಷ್ ಬಳಿದ ಹಾಗೆ ಕಚ್ಚಿಕೊಂಡಿರುತ್ತದೆ.

ಮೊದಲ ಅಭ್ಯಾಸಕ್ಕೆ ಮುನ್ನ ಆ ರೈಫಲ್ ಯಾರ ಜಿಮ್ಮೆಯಲ್ಲಿತ್ತೋ ಅವರನ್ನು ಕರೆಸಿ, ಗದರಿಸದೆ ಕೇಳಿದ್ದಕ್ಕೆ ಉತ್ತರ ಸಲೀಸಾಗಿ ಬಂತು. ‘ಚೆನ್ನಾಗಿ ಆಡ್ಲಿ ಅಂತ ಪಿಸ್ಟನ್ನಿಗೂ ಎಣ್ಣೆ ಹಾಕಿದ್ದೆ ಸಾರ್’ ಎಂದರು ಅವರು. ಕ್ಯಾರಿಯರ್‌ಗೂ ಅದು ಓಡುವ ಹಳಿಗಳಿಗೂ ತೆಳುವಾಗಿ ಎಣ್ಣೆ ಬೇಕು. ಪಿಸ್ಟನ್, ಸಿಲಿಂಡರ್, ಪ್ಲಗ್ ಮಾತ್ರ ಒಣಗಿರಬೇಕು, ಏಕೆಂದರೆ ಅಲ್ಲಿಗೆ ಬರುವುದು ಉರಿಯುವ ಅನಿಲ. ಎಣ್ಣೆ ಮಸಿಯೊಂದಿಗೆ ಬೆರೆತು ಅಂಟಾಗಿ, ಆಮೇಲೆ ಸುಟ್ಟು ಗಟ್ಟಿಯಾಗುತ್ತದೆ. ಮೊದಲ ಬೆಳಗು ಆರಂಭದ ಗುಂಡುಗಳು ಸರಾಗವಾಗಿ ಹಾರಿ ಆಮೇಲೆ ತಡೆ ಬಂದದ್ದೂ ಇದಕ್ಕೆ ಹೊಂದುತ್ತದೆ: ಪ್ರತಿ ಗುಂಡೂ ಹೊಸ ಮಸಿ ತಂದು ಅಂಟಿನ ಮೇಲೆ ಕೂರಿಸಿತು, ಪಿಸ್ಟನ್ನಿನ ಓಟ ಭಾರವಾಗುತ್ತ ಬಂತು, ಅನಿಲದ ಬಲದಲ್ಲಿ ಮಿಗುತಾಯವಿದ್ದದ್ದು ಕರಗಿತು. ದಫೇದಾರರು ಉಂಗುರ ಮುಚ್ಚಿದಾಗ ಆ ಭಾರವನ್ನು ಮೀರಿಸುವ ಬಲ ಸಿಕ್ಕಿತು. ಅದಾದ ಮೇಲೆ ಇನ್ಸ್‌ಪೆಕ್ಷನ್‌ಗೆಂದು ಎಲ್ಲ ರೈಫಲ್‌ಗಳನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದರು. ಪಿಸ್ಟನ್ ಹಗುರಾಯಿತು. ಉಂಗುರ ಇದ್ದಲ್ಲೇ ಇತ್ತು. ಕೊಳೆಯಾದ ರೈಫಲ್‌ಗೆಂದು ಕೊಟ್ಟ ಅನಿಲ ಚೊಕ್ಕಟವಾದ ರೈಫಲ್‌ನ ಮೇಲೆ ಬಿತ್ತು.

ಅನಿಲದ ಲೆಕ್ಕ ಒಂದು ಕಡೆ ಬದಲಾದಾಗ ಇನ್ನೊಂದು ಕಡೆ ಹೊಂದಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಇತಿಹಾಸದಲ್ಲಿದೆ. 1960ರ ದಶಕದಲ್ಲಿ ವಿಯೆಟ್ನಾಂಗೆ ಹೋದ ಅಮೆರಿಕದ ಎಂ16 ರೈಫಲ್‌ಗೆ, ವಿನ್ಯಾಸದ ಕಾಲದಲ್ಲಿ ಬಳಸಿದ ಮದ್ದಿನ ಬದಲು ಬೇರೆ ಬಗೆಯ ಮದ್ದು ತುಂಬಿದ ಗುಂಡುಗಳನ್ನು ಕೊಟ್ಟರು. ಬುಲೆಟ್‌ನ ವೇಗ ಬೇಕಾದಷ್ಟೇ ಇತ್ತು, ಆದರೆ ಗ್ಯಾಸ್ ತೂತಿನ ಬಳಿಯ ಒತ್ತಡ ಹೆಚ್ಚಾಗಿ ರೈಫಲ್‌ನ ಚಕ್ರ ಅಗತ್ಯಕ್ಕಿಂತ ವೇಗವಾಗಿ ಓಡಿತು, ಮಸಿಯೂ ಹೆಚ್ಚಾಯಿತು. ಚೇಂಬರಿಗೆ ಕ್ರೋಮ್ ಲೇಪನವಿಲ್ಲದ್ದು, ಸೈನಿಕರಿಗೆ ಕ್ಲೀನಿಂಗ್ ಸಾಮಾನು ಸರಿಯಾಗಿ ಸಿಗದಿದ್ದದ್ದು ಅದಕ್ಕೆ ಸೇರಿ, ಖಾಲಿ ಕೇಸ್ ಚೇಂಬರಿನಲ್ಲೇ ಉಳಿಯುವ ದೂರುಗಳು ಬಂದವು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ಅದರ ವಿಚಾರಣೆ ನಡೆಸಿತು. ಎಂ16ರಲ್ಲಿ ಹೊರಗಿನಿಂದ ತಿರುಗಿಸುವ ರೆಗ್ಯುಲೇಟರ್ ಇರಲಿಲ್ಲ, ಅನಿಲ ಕೊಳವೆಯ ಮೂಲಕ ನೇರವಾಗಿ ಕ್ಯಾರಿಯರ್‌ಗೇ ಬರುತ್ತಿತ್ತು. ಎಕೆಯಲ್ಲೂ ರೆಗ್ಯುಲೇಟರ್ ಇಲ್ಲ. ಅಲ್ಲಿ ಪಿಸ್ಟನ್ ಕ್ಯಾರಿಯರ್‌ಗೆ ಕೂಡಿಕೊಂಡೇ ಇರುತ್ತದೆ, ಅನಿಲವನ್ನು ಮೊದಲಿಂದಲೂ ಧಾರಾಳವಾಗಿ ಕೊಟ್ಟು, ಕೊಳೆಯಾದರೂ ನಡೆಯಲಿ ಎಂದು ಬಿಟ್ಟಿದ್ದಾರೆ. ಎಸ್‌ಎಲ್‌ಆರ್ ಆ ನಿರ್ಧಾರವನ್ನು ಬಳಸುವವರ ಕೈಗೇ ಕೊಡುತ್ತದೆ. ಅನುಕೂಲವೂ ತಾಪತ್ರಯವೂ ಅಲ್ಲೇ ಇದೆ.

ಹೊಂದಿಸಿದ ಬಗೆ

ಸಿಲಿಂಡರಿನ ಪದರವನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಿತ್ತಾಳೆಯ ಬ್ರಷ್‌ನಿಂದ ತೆಗೆದರು. ಎಮರಿ ಕಾಗದ ಹಾಕಿ ಉಜ್ಜೋಣವೆಂದು ಒಬ್ಬರು ಮುಂದೆ ಬಂದಾಗ ಆರ್ಮರರ್ ತಡೆದರು. ಉಜ್ಜಿದರೆ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದು ಹಿಗ್ಗಿ ಅನಿಲ ಸೋರತೊಡಗುತ್ತದೆ, ಆ ದೋಷಕ್ಕೆ ಮದ್ದಿಲ್ಲ. ಎಕ್ಸ್‌ಟ್ರಾಕ್ಟರ್ ಬದಲಾಯಿಸಿದರು. ರೇಂಜ್‌ನಲ್ಲಿ ಉಂಗುರವನ್ನು ಪೂರ್ತಿ ತೆರೆದು, ರೈಫಲ್ ಅನಿಲ ಸಾಲದೆ ತಡೆ ಕೊಡುವುದನ್ನು ಕಣ್ಣಾರೆ ನೋಡಿದರು. ಅಲ್ಲಿಂದ ಒಂದೊಂದೇ ಕ್ಲಿಕ್ ಮುಚ್ಚುತ್ತ ಬಂದು, ಚಕ್ರ ತಪ್ಪದೆ ನಡೆಯತೊಡಗಿದ ಸ್ಥಾನ ಗುರುತಿಸಿ, ಮಸಿಗೆ ಮೀಸಲಾಗಿ ಇನ್ನೆರಡು ಕ್ಲಿಕ್ ಮುಚ್ಚಿದರು. ಈ ವಂಶದ ರೈಫಲ್‌ಗಳಿಗೆ ಇದು ಹಳೆಯ ಕ್ರಮ. ಕೇಸ್‌ಗಳು ಬಲಗಡೆ ಒಂದೇ ಜಾಗದ ಸುತ್ತಮುತ್ತ ಬೀಳತೊಡಗಿದವು, ಅಂಚುಗಳು ನೆಟ್ಟಗಿದ್ದವು. ಒದೆತ ದೂರಿದ್ದ ಎಪಿಸಿಯನ್ನೇ ಕರೆದು ಹಾರಿಸಲು ಕೊಟ್ಟರು. ಅವರು ಏನೂ ದೂರಲಿಲ್ಲ.

ಆಮೇಲೆ ಎದ್ದ ವಾದವೊಂದನ್ನು ಇಲ್ಲಿ ದಾಖಲಿಸಬೇಕು. ಎಲ್ಲ ರೈಫಲ್‌ಗಳ ಉಂಗುರವನ್ನೂ ಪೂರ್ತಿ ಮುಚ್ಚಿಟ್ಟರೆ ಬಂದೋಬಸ್ತಿನಲ್ಲಿ ರೈಫಲ್ ನಿಲ್ಲುವ ಭಯವೇ ಇರುವುದಿಲ್ಲ, ಸ್ವಲ್ಪ ಸವೆದರೆ ಸವೆಯಲಿ ಎಂಬುದು ಹಿರಿಯ ಅಧಿಕಾರಿಯೊಬ್ಬರ ಅಭಿಪ್ರಾಯವಾಗಿತ್ತು. ಪ್ರಾಣದ ಪ್ರಶ್ನೆ ಬಂದಾಗ ಲೋಹ ಸವೆಯುವುದನ್ನು ಯಾರೂ ಲೆಕ್ಕ ಹಾಕಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಪ್ರಕರಣದಲ್ಲಿ ಪೂರ್ತಿ ಮುಚ್ಚಿದ ಉಂಗುರವೇ ರೈಫಲ್ಲನ್ನು ನಿಲ್ಲಿಸಿತ್ತು, ಅದೂ ಹ್ಯಾಂಡಲ್ ಎಳೆದರೆ ಸರಿಹೋಗುವ ತಡೆಯಿಂದಲ್ಲ, ರಾಡ್ ಹಾಕಿ ತಟ್ಟಬೇಕಾದ ತಡೆಯಿಂದ. ಅನಿಲ ಕಡಿಮೆಯಾದ ರೈಫಲ್ ಕೊನೆಯ ಪಕ್ಷ ಕೈಯಿಂದ ಎಳೆದುಕೊಂಡಾದರೂ ನಡೆಯುತ್ತದೆ. ಜೊತೆಗೆ, ಮೊದಲೇ ಎಲ್ಲ ತಿರುವುಗಳನ್ನೂ ಖರ್ಚು ಮಾಡಿದವರಿಗೆ ನಿಜವಾಗಿಯೂ ಮಣ್ಣು ತುಂಬಿದ ದಿನ ತಿರುಗಿಸಲು ಏನೂ ಉಳಿಯುವುದಿಲ್ಲ.

ಆ ಸಲಹೆಯನ್ನು ಕೈಬಿಟ್ಟು, ಪ್ರತಿ ರೈಫಲ್‌ನ ಉಂಗುರದ ಸ್ಥಾನವನ್ನು ರಿಜಿಸ್ಟರಿನಲ್ಲಿ ಬರೆಯಬೇಕೆಂದೂ ರೇಂಜ್‌ನಲ್ಲಿ ಯಾರಾದರೂ ಬದಲಾಯಿಸಿದರೆ ವಾಪಸು ಕೊಡುವಾಗ ತಿಳಿಸಬೇಕೆಂದೂ ತೀರ್ಮಾನವಾಯಿತು. ಉಳಿದ ರೈಫಲ್‌ಗಳ ಪಿಸ್ಟನ್‌ಗಳನ್ನೂ ಓರೆ ಮಾಡಿ ಜಾರಿಸಿ ನೋಡಿದಾಗ ಇನ್ನೂ ಕೆಲವದರಲ್ಲಿ ಎಣ್ಣೆ ಸಿಕ್ಕಿತು. ಒಂದರಲ್ಲಿ ಮಾತ್ರ ಎಷ್ಟು ತೊಳೆದರೂ ಪಿಸ್ಟನ್ ಒಂದೇ ಜಾಗದಲ್ಲಿ ಕಚ್ಚಿಕೊಳ್ಳುತ್ತಿತ್ತು. ಎಲ್ಲೋ ಏಟು ಬಿದ್ದು ಸಿಲಿಂಡರ್ ಬಾಗಿದೆಯೆಂದು ಆರ್ಮರರ್ ಷರಾ ಬರೆದು, ಅದನ್ನು ಬಳಕೆಯಿಂದ ತೆಗೆದು ಮೇಲಿನ ವರ್ಕ್‌ಶಾಪಿಗೆ ಕಳಿಸಿದರು.